ವಿಷಯ: ಉಲ್ಲೇಖಗಳನ್ನು ಸರಿಪಡಿಸುವ ಬಗ್ಗೆ

ಸರ್ಕಾರಿ ಕಾಗದ ಬರೆದು ಬರೆದು ಬೆರಳು ಸವೆಸಿಕೊಂಡವನಿಗೆ, ಜಗತ್ತಿನಲ್ಲಿ ತಾನು ಬರೆಯಲಾಗದ ಕಾಗದವೇ ಇಲ್ಲ ಎಂಬ ಒಂದು ಸಣ್ಣ ಅಹಂಕಾರ ಇರುತ್ತದೆ. ದೊಡ್ಡ ಅಹಂಕಾರಗಳನ್ನು ಸಾಕುವಷ್ಟು ಅನುಕೂಲ ನನಗಿರಲಿಲ್ಲವಾದ್ದರಿಂದ ಇದೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಹೊಳೆನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ, ಪ್ರಥಮ ದರ್ಜೆ ಸಹಾಯಕನಾಗಿ ನಿವೃತ್ತನಾದೆ. ಬದುಕಿನಲ್ಲಿ ನನ್ನನ್ನು ಯಾರಾದರೂ ಪ್ರಥಮ ದರ್ಜೆ ಎಂದದ್ದು ಅದೊಂದೇ ಸಂದರ್ಭ. ಮೂವತ್ತನಾಲ್ಕು ವರ್ಷಗಳ ಕಾಲ ನಾನು ಬರೆದ ಪ್ರತಿಯೊಂದು ಕಾಗದದ ನೆತ್ತಿಯ ಮೇಲೂ ಎರಡು ಸಾಲು ಇರುತ್ತಿತ್ತು. ಮೊದಲನೆಯದು ‘ವಿಷಯ’, ಎರಡನೆಯದು ‘ಉಲ್ಲೇಖ’. ವಿಷಯ ಎಂದರೆ ಈಗ ನಾವು ಏನು ಕೇಳುತ್ತಿದ್ದೇವೆ ಎಂಬುದು. ಉಲ್ಲೇಖ ಎಂದರೆ ಅದನ್ನೇ ಹಿಂದೆ ಎಷ್ಟು ಸಲ ಕೇಳಿ ಉತ್ತರ ಬಂದಿಲ್ಲ ಎಂಬುದು. ನಮ್ಮ ಕಚೇರಿಯಲ್ಲಿ ಉಲ್ಲೇಖದ ಪಟ್ಟಿ ಉದ್ದವಿದ್ದಷ್ಟೂ ಕೆಲಸ ಆಗಿಲ್ಲ ಎಂದು ಅರ್ಥ.

ನನ್ನ ಹೆಂಡತಿಯ ಲೋಕದಲ್ಲಿ ಇದು ತಿರುಗುಮುರುಗು. ಅಲ್ಲಿ ಉಲ್ಲೇಖದ ಪಟ್ಟಿ ಉದ್ದವಿದ್ದಷ್ಟೂ ಕೆಲಸ ಚೆನ್ನಾಗಿ ಆಗಿದೆ ಎಂದು ಅರ್ಥವಂತೆ. ವಿಮಲ ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದಳು. ಬೆಳಗ್ಗೆ ಏಳೂವರೆಯ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಅವಳು ಎಂ.ಎ., ನಾನು ಎಸ್ಸೆಸ್ಸೆಲ್ಸಿ. ನೆಂಟರು ಇದನ್ನು ಹೇಳಿ ನಗುತ್ತಿದ್ದರು, ನಾವೂ ಅವರ ಜೊತೆ ಸೇರಿ ನಗುತ್ತಿದ್ದೆವು. ಮನೆಯಲ್ಲಿ ಒಂದೇ ಒಂದು ತೊಂದರೆ ಎಂದರೆ ನಾನು ಯಾವ ಸುದ್ದಿ ತಂದರೂ ಅವಳಿಗೆ ಮೂಲ ಬೇಕಾಗಿತ್ತು. “ಕೋಟೆ ಬೀದಿ ಶೇಷಣ್ಣನ ಮಗಳಿಗೆ ಗಂಡು ಗೊತ್ತಾಯಿತಂತೆ” ಎಂದು ಹೇಳಿದರೆ, ಬೇರೆ ಹೆಂಗಸರಾದರೆ ಗಂಡು ಯಾವ ಊರು ಎಂದು ಕೇಳುತ್ತಾರೆ. ಇವಳು “ಯಾರು ಹೇಳಿದ್ದು ರೀ?” ಎನ್ನುತ್ತಿದ್ದಳು. “ಕ್ಷೌರದಂಗಡೀಲಿ ಮಾತಾಡ್ತಿದ್ದರು.” “ಯಾರು ಮಾತಾಡ್ತಿದ್ದರು?” “ಸೋಪು ಹಚ್ಚಿದ್ದ, ಕಣ್ಣು ಮುಚ್ಚಿಕೊಂಡಿದ್ದೆ.” “ಹಾಗಾದ್ರೆ ಅದು ಸುದ್ದಿ ಅಲ್ಲ, ನೊರೆ” ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಶೇಷಣ್ಣನ ಮಗಳ ಮದುವೆಯ ಊಟ ಮಾಡಿ ಬಂದ ಮೇಲೆ ಮಾತ್ರ ಅದು ಸುದ್ದಿಯಾಯಿತು.

ಅವಳು ಹೋಗಿ ಎಂಟು ತಿಂಗಳಾಯಿತು. ಜ್ವರ ಎಂದು ಮಲಗಿದಳು, ಹಾಸನಕ್ಕೆ ಕರೆದುಕೊಂಡು ಹೋದೆವು, ಹನ್ನೊಂದನೆಯ ದಿನ ನಾನೊಬ್ಬನೇ ಬಂದೆ. ಅದರ ಬಗ್ಗೆ ಇಷ್ಟು ಸಾಕು.

ಅದಾಗಿ ಆರನೆಯ ತಿಂಗಳಿನಲ್ಲಿ ಒಂದು ಬೆಳಗ್ಗೆ ಹಾಸನದಿಂದ ಫೋನು ಬಂತು. ಸಮಾಜವಿಜ್ಞಾನದ ಲೇಖನಗಳನ್ನು ವರ್ಷಕ್ಕೆರಡು ಸಲ ಪ್ರಕಟಿಸುವ ಒಂದು ಸಣ್ಣ ಪತ್ರಿಕೆಯ ಸಂಪಾದಕರು, ನಿವೃತ್ತ ಪ್ರಾಧ್ಯಾಪಕರು. ವಿಮಲ ಅವರಿಗೆ ಒಂದು ಲೇಖನ ಕಳಿಸಿದ್ದಳಂತೆ. ಹಳ್ಳಿಯ ಹೆಂಗಸರು ಒಬ್ಬರ ಹೊಲಕ್ಕೆ ಒಬ್ಬರು ಕೂಲಿಯಿಲ್ಲದೆ ಹೋಗಿ ಗೇಯ್ದು, ಅವರು ತಿರುಗಿ ಇವರ ಹೊಲಕ್ಕೆ ಬಂದು ಗೇಯುವ ಮುಯ್ಯಾಳು ಪದ್ಧತಿಯ ಬಗ್ಗೆ. ಲೇಖನ ಚೆನ್ನಾಗಿದೆ, ಮುಂದಿನ ಸಂಚಿಕೆಗೆ ತೆಗೆದುಕೊಂಡಿದ್ದೇವೆ, ಆದರೆ ಕೊನೆಯಲ್ಲಿರಬೇಕಾದ ಉಲ್ಲೇಖಗಳ ಪಟ್ಟಿಯೇ ಇಲ್ಲ ಎಂದರು. “ಮೇಡಂ ಆಮೇಲೆ ಕಳಿಸ್ತೀನಿ ಅಂದಿದ್ದರು. ಈ ತಿಂಗಳ ಕೊನೆಯೊಳಗೆ ಸಿಕ್ಕಿದರೆ ಹಾಕಬಹುದು ಮೂರ್ತಿಗಳೇ. ಇಲ್ಲದಿದ್ದರೆ ನಿಯಮದ ಪ್ರಕಾರ ಕೈಬಿಡಬೇಕಾಗುತ್ತೆ. ನಿಮಗೆ ಈ ಸಮಯದಲ್ಲಿ ತೊಂದರೆ ಕೊಡೋದು…” ಎಂದು ತಡವರಿಸಿದರು.

ನನ್ನ ಹಳೆಯ ಅಹಂಕಾರ ಎದ್ದು ಕೂತಿತು. “ಉಲ್ಲೇಖ ತಾನೆ ಸಾರ್? ಅದಕ್ಕೇನಂತೆ. ನಾನೇ ಕೊಡ್ತೀನಿ” ಎಂದೆ. ಅವರು ಪತ್ರಿಕೆಯ ನಿಯಮಾವಳಿ ಕಳಿಸುತ್ತೇನೆ ಎಂದರು. ನಿಯಮಾವಳಿಯನ್ನು ನಾನು ಓದಲಿಲ್ಲ. ಈಜು ಬರುವವನು ಕೆರೆಯ ಬೋರ್ಡು ಓದುತ್ತಾನೆಯೇ?

ಮೂರು ದಿನ ಕೂತು ಒಂದು ಪಟ್ಟಿ ತಯಾರು ಮಾಡಿದೆ. ಅದನ್ನು ವಿಮಲಳ ಜೊತೆ ಕೆಲಸ ಮಾಡುತ್ತಿದ್ದ ಶೋಭಾ ಎಂಬ ಅತಿಥಿ ಉಪನ್ಯಾಸಕಿಗೆ ತೋರಿಸಿ ಕಳಿಸೋಣ ಎಂದುಕೊಂಡೆ. ಆಕೆ ಅರಕಲಗೂಡಿನವರು. ಒಂದು ಶನಿವಾರ ಹಾಸನಕ್ಕೆ ಬಂದಿದ್ದರು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಾಫಿ ಹೇಳಿ, ಕಾಗದ ಮುಂದಿಟ್ಟೆ. ಅವರು ಮೊದಲ ಸಾಲು ಓದಿದರು. ಅದು ಹೀಗಿತ್ತು: “೧) ಶ್ರೀ ಎ. ಟಿ. ಸುಬ್ಬರಾವ್, ನಿವೃತ್ತ ಪ್ರಾಧ್ಯಾಪಕರು, ಇವರು ಬರೆದಿರುವ ‘ಹಳ್ಳಿಯ ದುಡಿಮೆ’ ಎಂಬ ಪುಸ್ತಕ, ಹಸಿರು ರಟ್ಟು, ಪ್ರತಿ ಲಗತ್ತಿಸಿಲ್ಲ.” ಎರಡನೆಯದು: “೨) ಸದರಿಯವರದೇ ಮತ್ತೊಂದು ಪುಸ್ತಕ.” ಮೂರನೆಯದು: “೩) ಈ ಬಗ್ಗೆ ಲೇಖಕಿಯವರು ಮಾನ್ಯ ಸುಬ್ಬರಾವ್‌ರವರೊಂದಿಗೆ ದೂರವಾಣಿಯಲ್ಲಿ ಚರ್ಚಿಸಿದಂತೆ.”

ಶೋಭಾ ಕಾಗದವನ್ನು ಮೇಜಿನ ಮೇಲೆ ಮಲಗಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅಳುತ್ತಿದ್ದಾರೆ ಎಂದುಕೊಂಡೆ. ಆ ಆರು ತಿಂಗಳಲ್ಲಿ ನನ್ನ ಮುಂದೆ ಕೂತವರೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಸೆರಗು ಬಾಯಿಗಿಟ್ಟವರೇ. “ಸಮಾಧಾನ ಮಾಡ್ಕೊಳಿ” ಎಂದೆ. “ಅದಲ್ಲ ಸರ್… ಹಸಿರು ರಟ್ಟು ಅಂತ ಯಾಕ್ ಬರ್ದಿದೀರ?” ಎಂದರು. “ಗುರುತಿಗೆ” ಎಂದೆ. “ಸರ್, ಸುಬ್ಬರಾವ್ ಅವರು ಮಾನ್ಯರಾಗಿರಬಾರ್ದು ಸರ್ ಇಲ್ಲಿ. ಶ್ರೀನೂ ಇರಬಾರ್ದು. ಬರೀ ಸುಬ್ಬರಾವ್.” “ದೊಡ್ಡವರಮ್ಮ ಅವರು.” “ಎಷ್ಟೇ ದೊಡ್ಡವರಾಗ್ಲಿ ಸರ್, ಪಟ್ಟಿ ಒಳಗೆ ಎಲ್ಲಾರೂ ಚಪ್ಪಲಿ ಬಿಟ್ಟೇ ಬರಬೇಕು.” ಆಮೇಲೆ ಅವರು ನಿಯಮಾವಳಿಯನ್ನು ನನ್ನ ಫೋನಿನಲ್ಲೇ ತೆಗೆದು ಓದಿಸಿದರು. ಮೊದಲು ಹೆಸರು, ಆಮೇಲೆ ಇಸವಿ, ಆಮೇಲೆ ಪುಸ್ತಕ, ಆಮೇಲೆ ಪ್ರಕಾಶಕರು, ಆಮೇಲೆ ಊರು. ಎಲ್ಲಿ ಅಲ್ಪವಿರಾಮ, ಎಲ್ಲಿ ಪೂರ್ಣವಿರಾಮ, ಎಲ್ಲವೂ ಮದುವೆ ಮನೆಯ ಶಾಸ್ತ್ರದಂತೆ ನಿಗದಿ. ನಮ್ಮ ಕಚೇರಿಯಲ್ಲಿ ಅಲ್ಪವಿರಾಮವನ್ನು ನಾವು ಪೆನ್ನು ಸರಿಯಾಗಿ ಬರೆಯುತ್ತಿದೆಯೇ ಎಂದು ನೋಡಲು ಹಾಕುತ್ತಿದ್ದೆವು.

ಹೆಸರಿನ ವಿಷಯಕ್ಕೆ ಬಂದಾಗ ನನಗೆ ನಿಜವಾದ ಕಷ್ಟ ಶುರುವಾಯಿತು. ಹೆಸರಿನ ಕೊನೆಯ ಭಾಗ ಮೊದಲು ಬರಬೇಕಂತೆ, ಮೊದಲಿನ ಭಾಗ ಹಿಂದಕ್ಕೆ ಹೋಗಬೇಕಂತೆ. ಕೊನೆಯಲ್ಲಿ ಮನೆತನದ ಹೆಸರು ಇಟ್ಟುಕೊಂಡವರಿಗೆ ಸರಿ. ನಮ್ಮ ಕಡೆ ಹೆಸರಿನ ಮುಂದೆ ಊರು ಇರುತ್ತದೆ, ಅಪ್ಪನ ಹೆಸರು ಇರುತ್ತದೆ, ಕೊನೆಯಲ್ಲಿ ಪಾಪ ಮನುಷ್ಯ ತಾನು ನಿಂತಿರುತ್ತಾನೆ. ಊರನ್ನೂ ಅಪ್ಪನನ್ನೂ ಮುಂದೆ ಬಿಟ್ಟು ಹಿಂದೆ ಕೈಕಟ್ಟಿ ನಡೆಯುವುದು ನಮ್ಮ ಮರ್ಯಾದೆ. ಈ ಪಟ್ಟಿಯಲ್ಲಿ ಅವನು ಮುಂದೆ ನುಗ್ಗಿ, ಊರನ್ನೂ ಅಪ್ಪನನ್ನೂ ಬೆನ್ನಿಗೆ ಕಟ್ಟಿಕೊಂಡು ನಿಲ್ಲಬೇಕು. ಅರಕಲಗೂಡು ತಿಮ್ಮಯ್ಯನವರ ಮಗ ಸುಬ್ಬರಾವ್ ಹೋಗಿ, ಸುಬ್ಬರಾವ್, ಎ. ಟಿ. ಆದರು. ಇನಿಷಿಯಲ್ಲುಗಳನ್ನು ಬಿಡಿಸಿ ಬರೆದರೆ ಗೌರವ ಹೆಚ್ಚೀತು ಎಂದು ನಾನೇ ಒಂದು ಸುಧಾರಣೆ ಮಾಡಿದೆ. ಮೊಸಳೆ ಗ್ರಾಮದ ಎಂ. ಕೃಷ್ಣೇಗೌಡ ಎಂಬವರ ಒಂದು ಲೇಖನ ಪಟ್ಟಿಯಲ್ಲಿತ್ತು. ನಾನು ಬಿಡಿಸಿ ಬರೆದದ್ದು “ಕೃಷ್ಣೇಗೌಡ, ಮೊಸಳೆ” ಎಂದು. ಶೋಭಾ ಫೋನ್ ಮಾಡಿ, “ಸರ್, ಇದನ್ನ ನೋಡಿದ್ರೆ ಅವರನ್ನ ಮೊಸಳೆ ಹಿಡಿದಂಗಿದೆ. ಎಂ. ಅಂತಲೇ ಬಿಡಿ ಸರ್, ಬದುಕ್ಕೊಳ್ಳಲಿ” ಎಂದರು.

ಇಷ್ಟಾದರೂ ಇದೆಲ್ಲ ವ್ಯಾಕರಣದ ಕಷ್ಟ. ನಾನು ಮಾಡಿದ್ದ ಅಪರಾಧ ಬೇರೆಯೇ ಇತ್ತು, ಅದನ್ನು ಶೋಭಾಗೆ ಆಗ ಹೇಳಿರಲಿಲ್ಲ. ವಿಮಲ ಲೇಖನ ಬರೆಯುವಾಗ ಟಿಪ್ಪಣಿಗಳನ್ನು ಚೀಟಿಗಳ ಮೇಲೆ ಬರೆಯುತ್ತಿದ್ದಳು. ಬಸ್ ಟಿಕೆಟ್ಟಿನ ಹಿಂಭಾಗ, ಲಗ್ನಪತ್ರಿಕೆಯ ಖಾಲಿ ಜಾಗ, ಔಷಧಿ ಅಂಗಡಿಯ ಲಕೋಟೆ, ಯಾವುದಾದರೂ ಆದೀತು. ಅವನ್ನು ಊಟದ ಮೇಜಿನ ಮೇಲೆ, ರೇಡಿಯೋ ಹತ್ತಿರ, ದೇವರ ಮನೆಯ ಕಿಟಕಿಯಲ್ಲಿ ಸಾಲು ಸಾಲಾಗಿ ಇಟ್ಟಿರುತ್ತಿದ್ದಳು. ನನ್ನ ಕಣ್ಣಿಗೆ ಕಸ, ಅವಳಿಗೆ ಕ್ರಮ. ಅವಳು ಹೋದ ಹದಿನೈದನೆಯ ದಿನ, ಬಂದವರೆಲ್ಲ ಹೊರಟ ಮೇಲೆ, ಕೈಗೆ ಕೆಲಸವಿಲ್ಲದೆ ನಾನು ಮನೆಯನ್ನು ಒಪ್ಪ ಮಾಡಲು ಹೊರಟೆ. ಆ ಚೀಟಿಗಳನ್ನೆಲ್ಲ ಬಾಚಿ, ಅಳತೆಯ ಪ್ರಕಾರ ಜೋಡಿಸಿ, ದೊಡ್ಡವು ಕೆಳಗೆ ಚಿಕ್ಕವು ಮೇಲೆ ಇಟ್ಟು, ಕಚೇರಿಯ ಕೆಂಪು ದಾರದಲ್ಲಿ ಕಟ್ಟಿಟ್ಟೆ. ಅವತ್ತು ಬಹಳ ಒಳ್ಳೆಯ ಕೆಲಸ ಮಾಡಿದೆ ಎಂದು ಸಮಾಧಾನವಾಗಿತ್ತು.

ಈಗ ಕಟ್ಟು ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಚೀಟಿಗಳಲ್ಲಿ “ಅದೇ, ಪು. ೪೦” ಎಂಬಂತೆ ಅಷ್ಟೇ ಇದೆ. ಒಂದೇ ಪುಸ್ತಕದಿಂದ ಮತ್ತೆ ಮತ್ತೆ ತೆಗೆದುಕೊಂಡಾಗ ಹೆಸರನ್ನು ಪ್ರತಿ ಸಲ ಬರೆಯದೆ ‘ಅದೇ’ ಎಂದು ಬರೆದರೆ ಸಾಕಂತೆ. ಹಿಂದಿನ ಚೀಟಿ ಹಿಂದೆಯೇ ಇದ್ದಷ್ಟು ಹೊತ್ತೂ ಅದು ಬಹಳ ಜಾಣತನದ ಪದ. ನನ್ನಂಥವನು ಬಂದು ಅಳತೆಯ ಪ್ರಕಾರ ಜೋಡಿಸಿದ ಮೇಲೆ ಅದಕ್ಕಿಂತ ಅನಾಥವಾದ ಪದ ಕನ್ನಡದಲ್ಲಿ ಇನ್ನೊಂದಿಲ್ಲ. ಅದೇ ಎಂದರೆ ಯಾವುದು? ಅದೇ. ಪುಟ ನಲವತ್ತು. ಒಂದು ಚೀಟಿಯಲ್ಲಿ “ಅದೇ, ಆದರೆ ನನಗೆ ಒಪ್ಪಿಗೆಯಿಲ್ಲ” ಎಂದಿತ್ತು. ಯಾವುದಕ್ಕೆ ಒಪ್ಪಿಗೆಯಿಲ್ಲ ಎಂದು ತಿಳಿಯದೆ ಒಂದು ಮಧ್ಯಾಹ್ನವೆಲ್ಲ ಕೂತೆ. ನನ್ನ ಬಗ್ಗೆಯೇ ಇರಬಹುದು ಎಂದೂ ಅನ್ನಿಸಿತು. ಇನ್ನೊಂದು ಚೀಟಿ: “ಧನಿಯ ಒಂದು ಪಾವು, ಮೆಣಸಿನಕಾಯಿ ಅದರರ್ಧ, ಮೆಂತ್ಯ ಒಂದು ಚಮಚ (ಕಮಲತ್ತೆ). ಮೆಂತ್ಯ ಹೆಚ್ಚಾಯಿತೆಂದು ನನ್ನ ಅನುಭವ.” ಸಾರಿನಪುಡಿಗೂ ಆಕರ ಕೊಟ್ಟು, ಜೊತೆಗೆ ವಿಮರ್ಶೆಯನ್ನೂ ಬರೆದಿದ್ದಳು. ಅದನ್ನು ಪಟ್ಟಿಯಿಂದ ತೆಗೆಯುವಂತೆ ಶೋಭಾ ಹೇಳಿದಾಗ ನನಗೆ ಸ್ವಲ್ಪ ಬೇಸರವಾಯಿತು. ಎಲ್ಲ ಚೀಟಿಗಳಲ್ಲೂ ಅದೊಂದೇ ನನಗೆ ಪೂರ್ತಿ ಅರ್ಥವಾದದ್ದು.

ಕೊನೆಗೆ ಅಪರಾಧವನ್ನು ಒಪ್ಪಿಕೊಂಡೆ. ಶೋಭಾ ಬೈಯಲಿಲ್ಲ. ಎರಡು ಭಾನುವಾರ ನಮ್ಮ ಮನೆಗೆ ಬಂದು, ವಿಮಲಳ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಎಲ್ಲದರಲ್ಲೂ ಚೀಟಿಯಲ್ಲಿದ್ದ ಪುಟ ನೋಡಿ, ಪೆನ್ಸಿಲ್ ಗೆರೆ ಇರುವುದನ್ನು ಹುಡುಕಿ, ಅನಾಥ ಚೀಟಿಗಳನ್ನು ಒಂದೊಂದಾಗಿ ಅವುಗಳ ಮನೆ ಸೇರಿಸಿದರು. ನಾನು ಕಾಫಿ ಮಾಡಿ ಕೊಟ್ಟೆ. ಅದೇ, ಎರಡು ಲೋಟ.

ಎಲ್ಲ ಮುಗಿದಾಗ ಒಂದೇ ಒಂದು ಉಳಿಯಿತು. ಲೇಖನದ ನಡುಮಧ್ಯೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿರುವಂಥ ಜಾಗದಲ್ಲಿ, ಒಂದು ಮಾತಿತ್ತು: “ಗೇದಿದ್ ಮುಯ್ಯಿ ತೀರ್ಸ್‌ಬೌದು, ಬಂದಿದ್ ಮುಯ್ಯಿ ತೀರಕಿಲ್ಲ.” ಮಾಡಿದ ಕೆಲಸವನ್ನು ತಿರುಗಿ ಕೆಲಸ ಮಾಡಿ ತೀರಿಸಬಹುದು, ನಮ್ಮ ಕಷ್ಟಕ್ಕೆ ಒಬ್ಬರು ಬಂದರಲ್ಲ, ಆ ಬಂದದ್ದನ್ನು ತೀರಿಸಲಾಗದು. ಅದರ ಮುಂದೆ ಕಂಸದಲ್ಲಿ “ಪುಟ್ಟಮ್ಮ” ಎಂದಷ್ಟೇ ಇತ್ತು. ಇಸವಿಯಿಲ್ಲ, ಪುಟವಿಲ್ಲ. ನಾನು ಪುಟ್ಟಮ್ಮ ಎಂಬ ವಿದ್ವಾಂಸೆಯ ಪುಸ್ತಕಕ್ಕಾಗಿ ಹಾಸನದ ಗ್ರಂಥಾಲಯದಲ್ಲಿ ಅರ್ಧ ದಿನ ಹುಡುಕಿದೆ. ಅಲ್ಲಿಯವರು ಅಡುಗೆಯ ವಿಭಾಗ ನೋಡಿ ಎಂದರು. ಮನೆಗೆ ಬಂದು ಕಟ್ಟಿನ ತಳದಲ್ಲಿದ್ದ ಒಂದು ಲಗ್ನಪತ್ರಿಕೆ ತಿರುಗಿಸಿದರೆ ವಿಮಲಳ ಅಕ್ಷರ: “ಪುಟ್ಟಮ್ಮ, ದಂಡಿಗನಹಳ್ಳಿ. ಸೊಸೈಟಿ ಹಿಂದಿನ ಮನೆ. ಪಟ್ಟಿಯಲ್ಲಿ ಎಲ್ಲರ ಸಾಲಿನಲ್ಲೇ ಹಾಕುವುದು. ಮರೆಯಬಾರದು.” ಕೆಳಗೆ ಎರಡು ಗೆರೆ ಎಳೆದಿದ್ದಳು. ಅವಳು ಎರಡು ಗೆರೆ ಎಳೆದರೆ ಅದಕ್ಕೆ ಮೇಲ್ಮನವಿ ಇಲ್ಲ.

ದಂಡಿಗನಹಳ್ಳಿ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಮಾರನೆಯ ದಿನವೇ ಹೊರಟೆ. ಸೊಸೈಟಿ ಹಿಂದಿನ ಮನೆಯ ಜಗುಲಿಯಲ್ಲಿ ಎಪ್ಪತ್ತು ದಾಟಿದ ಒಬ್ಬಾಕೆ ಮೊರದಲ್ಲಿ ಅವರೆಕಾಯಿ ಹರವಿಕೊಂಡು ಕೂತಿದ್ದರು. ಕಾಲೇಜಿನ ವಿಮಲ ಮೇಡಂ ಮನೆಯವನು ಎಂದೆ.

“ಓ, ಮೇಡಮ್ಮಾರ ಯಜಮಾನ್ರಾ? ಬನ್ನಿ ಸಾ, ಕುಂತ್ಕಳಿ. ಮೇಡಮ್ಮಾರು ಬರ್ನಿಲ್ವಾ?”

“ಈ ಸಲ ನಾನೇ ಬಂದೆ” ಎಂದೆ. ಸುಳ್ಳೇನಲ್ಲ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಮತ್ತೆ ಮೊರ ನೋಡಿದರು.

ನಾನು ಬಂದ ಕೆಲಸ ಹೇಳಿದೆ. “ಆ ಮಾತು ನಿಮ್ಮದೇ ತಾನೇ?”

“ನಂದೆಲ್ ಬಂತು ಸಾ. ನಮ್ಮತ್ತೆ ಏಳ್ತಿತ್ತು.”

“ನಿಮ್ಮತ್ತೆಗೆ ಯಾರು ಹೇಳಿದ್ದು?”

“ಅದ ನಾ ಎಂಗ್ ಕೇಳ್ಳಿ? ಅತ್ತೆ ಮುಂದೆ ಬಾಯ್ ಬುಡೋ ಕಾಲ್ವಾ ಅದು? ಅವರತ್ತೆ ಏಳಿರ್ಬೇಕು. ಅವ್ರಿಗೆ ಇನ್ನೊಬ್ರು. ಇಂಗೆ ಓದ್ರೆ ನೀವು ಮೊದಲ್ನೇ ಅತ್ತೆ ಗಂಟ ಓಗ್ಬೇಕಾಯ್ತದೆ.”

ಇದಕ್ಕೆ ನಿಯಮಾವಳಿಯಲ್ಲಿ ದಾರಿಯಿತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮೂಲಕ ತೆಗೆದುಕೊಂಡರೆ ‘ಉದ್ಧೃತ’ ಎಂದು ಬರೆಯಬೇಕು. ಆದರೆ ಅತ್ತೆಯ ಅತ್ತೆಯ ಅತ್ತೆಯಿಂದ ಉದ್ಧೃತ ಎಂದು ಬರೆಯಲು ಕಾಗದದ ಅಗಲ ಸಾಲದು. ಆದ್ದರಿಂದ ಪುಟ್ಟಮ್ಮನವರಲ್ಲೇ ನಿಲ್ಲುವುದು ಎಂದು ತೀರ್ಮಾನಿಸಿದೆ. “ನಿಮ್ಮ ಪೂರ್ತಿ ಹೆಸರು ಹೇಳಿ, ಇನಿಷಿಯಲ್ ಸಮೇತ” ಎಂದೆ.

“ಪುಟ್ಟಮ್ಮ.”

“ಯಜಮಾನರ ಹೆಸರು?”

ಅವರು ನಕ್ಕು ತಲೆಯ ಮೇಲೆ ಸೆರಗು ಎಳೆದುಕೊಂಡರು. “ಅದ್ನ ಏಳ್ತಾರಾ ಸಾ. ಗಂಡ್ನ ಎಸ್ರು ಏಳಕಿಲ್ಲ ನಾವು. ರೇಷನ್ ಕಾರ್ಡ್ನಾಗೆ ಐತೆ, ನೋಡ್ಕಳಿ. ಮೇಡಮ್ಮಾರೂ ಇಂಗೇ ಕೇಳಿ, ಆಮೇಕೆ ‘ಬ್ಯಾಡ ಬುಡಿ, ನಿಮ್ಮೆಸ್ರೊಂದೇ ಸಾಕು’ ಅಂದ್ರು.”

ನಾನೂ ಬೇಡ ಬಿಟ್ಟೆ. “ಮೇಡಂ ಬಂದು ಮಾತಾಡಿದ್ದು ಯಾವಾಗ? ದಿನಾಂಕ ಬೇಕಾಗಿತ್ತು.”

ಪುಟ್ಟಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. “ನಮ್ ಕೆಂದಸ ಈದಿತ್ತಲ್ಲ, ಅದ್ರ ಮೂರ್ನೇ ದಿನ. ಗಿಣ್ಣ ಮಾಡಿ ಡಬ್ಬಿಗಾಕ್ಕೊಟ್ಟಿದ್ದೆ. ನೀವು ತಿನ್ನಿಲ್ವಾ?”

ತಿಂದಿದ್ದೆ. ವಿಮಲ ಸ್ಟೀಲಿನ ಡಬ್ಬಿ ತಂದದ್ದು, ಅದಕ್ಕೆ ಏಲಕ್ಕಿ ಬಿದ್ದಿದ್ದದ್ದು, ಎರಡು ತುಂಡು ನನಗೆ ಕೊಟ್ಟು ಒಂದು ತುಂಡು ಅವಳು ತಿಂದದ್ದು, “ಸಂಶೋಧನೆ ಅಂದ್ರೆ ಬರೀ ಕಾಗದ ಅಂದ್ಕೊಂಡಿದ್ರಾ?” ಎಂದದ್ದು, ಎಲ್ಲ ನೆನಪಿಗೆ ಬಂತು. ದಿನಾಂಕ ಮಾತ್ರ ಬರಲಿಲ್ಲ. ಗಿಣ್ಣಿನ ಮೇಲೆ ದಿನಾಂಕ ಬರೆದಿರುವುದಿಲ್ಲ. ಹಸುವಿಗೆ ಗೊತ್ತಿರಬಹುದು, ಅದನ್ನೂ ಮಾರಿದ್ದರು.

ಹೊರಡುವಾಗ ಪುಟ್ಟಮ್ಮ ಒಂದು ಚೀಲದಲ್ಲಿ ಅವರೆಕಾಯಿ ತುಂಬಿದರು. “ಮೇಡಮ್ಮಾರಿಗೆ ಸೊಗಡವರೆ ಅಂದ್ರೆ ಆಸೆ” ಎಂದರು. ನಾನು ಚೀಲ ತೆಗೆದುಕೊಂಡೆ. ಮೆಟ್ಟಿಲು ಇಳಿದ ಮೇಲೆ ಹಿಂದಿನಿಂದ ಕೂಗಿದರು. “ಸಾ, ಸುಲ್ಯಕ್ ಬತ್ತದಾ ನಿಮ್ಗೆ?” ಬರುತ್ತದೆ ಎಂದೆ. ಅದು ಸುಳ್ಳು. ಬಸ್ಸು ಪಟ್ಟಣ ಮುಟ್ಟುವ ಹೊತ್ತಿಗೆ ನನಗೆ ಹೊಳೆಯಿತು, ಆಕೆ ಕೇಳಿದ್ದು ಅವರೆಕಾಯಿಯ ಮಾತಲ್ಲ ಎಂದು.

ಪಟ್ಟಿಯಲ್ಲಿ ಪುಟ್ಟಮ್ಮನವರನ್ನು ಹೀಗೆ ಸೇರಿಸಿದೆ: “ಪುಟ್ಟಮ್ಮ, ದಿ. ………, ಸಂದರ್ಶನ, ದಂಡಿಗನಹಳ್ಳಿ.” ದಿನಾಂಕ ವಿಮಲಳ ಡೈರಿಯಲ್ಲಿ ಎಲ್ಲಾದರೂ ಸಿಕ್ಕಿದರೆ ಚುಕ್ಕಿಗಳ ಜಾಗದಲ್ಲಿ ತುಂಬೋಣ ಎಂದು. ಕೈಯಲ್ಲೇ ನೀಟಾಗಿ ಬರೆದು, ತಿಂಗಳ ಕೊನೆಗೆ ನಾಲ್ಕು ದಿನ ಮೊದಲೇ ಹಾಸನಕ್ಕೆ ಹೋಗಿ ಸಂಪಾದಕರ ಕೈಗೆ ಕೊಟ್ಟೆ. ಲೇಖಕಿಯ ಪರಿಚಯ ಎಂದು ಎರಡು ಸಾಲು ಬೇಕು ಎಂದರು. ಅಲ್ಲೇ ಬರೆದು ಕೊಟ್ಟೆ. ಅವರು ಪಟ್ಟಿ ಓದುತ್ತಾ ಹೋಗಿ ಒಂದು ಕಡೆ ನಿಂತರು. “ಮೂರ್ತಿಗಳೇ, ಈ ಪುಟ್ಟಮ್ಮ ಇಲ್ಲಿ ಬರೋಹಾಗಿಲ್ಲ. ಬಾಯಿಮಾತನ್ನ ಒಳಗೆ ಕಂಸದಲ್ಲಿ ಹೇಳಬಹುದು, ಪಟ್ಟಿಗೆ ಸೇರಿಸೋಲ್ಲ. ನಮ್ಮ ಪದ್ಧತಿ” ಎಂದರು. “ಸರಿ ಸಾರ್” ಎಂದೆ. ಮೂವತ್ತನಾಲ್ಕು ವರ್ಷ ಮೇಲಿನವರಿಗೆ ನಾನು ಹೇಳಿದ ಮಾತು ಅದೊಂದೇ. ಹೊಳೆನರಸೀಪುರದ ಬಸ್ಸು ಹತ್ತಿ ಕೂತ ಮೇಲೆ ಆ ಎರಡು ಗೆರೆ ಕಣ್ಣ ಮುಂದೆ ಬಂದವು. ಬಸ್ಸಿನಲ್ಲೇ ಒಂದು ಕಾಗದ ಬರೆದೆ. ಬೇರೆ ಶೈಲಿ ನನಗೆ ಬಾರದು.

“ಮಾನ್ಯರೆ, ವಿಷಯ: ಶ್ರೀಮತಿ ಪುಟ್ಟಮ್ಮ ಇವರನ್ನು ಪಟ್ಟಿಯಲ್ಲಿ ಮುಂದುವರಿಸುವ ಬಗ್ಗೆ. ಉಲ್ಲೇಖ: ೧) ತಮ್ಮ ಇಂದಿನ ಮೌಖಿಕ ಆದೇಶ. ೨) ನನ್ನ ಹೆಂಡತಿಯ ಚೀಟಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ಉಲ್ಲೇಖ (೧)ರ ತಮ್ಮ ಆದೇಶವೂ ಬಾಯಿಮಾತೇ ಆಗಿರುತ್ತದೆ. ಅದನ್ನು ನಾನು ಪಟ್ಟಿಯಲ್ಲಿ ಸೇರಿಸಿ ಗೌರವಿಸಿರುತ್ತೇನೆ. ಸದರಿ ಪಟ್ಟಿಯಲ್ಲಿನ ಪುಸ್ತಕಗಳನ್ನು ಬರೆದವರೆಲ್ಲರೂ ಸದರಿ ಪುಟ್ಟಮ್ಮನವರಂಥವರನ್ನು ಕೇಳಿಯೇ ಬರೆದಿರುತ್ತಾರೆ. ಕೇಳಿದವರನ್ನು ಒಳಗೆ ಕೂರಿಸಿ, ಹೇಳಿದವರನ್ನು ಜಗುಲಿಯಲ್ಲಿ ನಿಲ್ಲಿಸುವುದು ಸೂಕ್ತವಲ್ಲವೆಂದು ಲೇಖಕಿಯವರ ಅಭಿಪ್ರಾಯವಾಗಿರುತ್ತದೆ. ಅವರನ್ನು ಮತ್ತೆ ಕೇಳಿ ತಿಳಿಸಲು ಅವಕಾಶವಿರುವುದಿಲ್ಲ. ಆದ್ದರಿಂದ ಸೂಕ್ತ ಕ್ರಮಕ್ಕಾಗಿ.”

ನನ್ನ ಸರ್ವಿಸಿನಲ್ಲಿ ಬರೆದ ಸಾವಿರಾರು ಕಾಗದಗಳಲ್ಲಿ ಮೂರೇ ದಿನಕ್ಕೆ ಉತ್ತರ ಬಂದದ್ದು ಇದೊಂದಕ್ಕೆ. ಸಂಪಾದಕರು ಫೋನ್ ಮಾಡಿ, “ಪುಟ್ಟಮ್ಮನವರು ಇರಲಿ” ಎಂದರು. ಆಮೇಲೆ, “ಆ ಕಾಗದ ನಾನು ಇಟ್ಕೊಳ್ಳಲಾ?” ಎಂದು ಕೇಳಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದವನಂತೆ ಮೀಸೆ ತಿರುವಿಕೊಂಡು ಇರಬಹುದಾಗಿತ್ತು. ಕಳೆದ ವಾರ ಅಚ್ಚಿನ ಮೊದಲು ತಿದ್ದಲಿಕ್ಕೆಂದು ಕರಡು ಬಂತು. ಶೋಭಾ ಕೂಡ ಬಂದಿದ್ದರು. ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ತೆಗೆದೆ. ಅಲ್ಪವಿರಾಮಗಳು ಸಾಲಾಗಿ ಸರಿಯಾಗಿ ನಿಂತಿದ್ದವು. ಸುಬ್ಬರಾವ್ ಊರನ್ನು ಬೆನ್ನಿಗೆ ಕಟ್ಟಿಕೊಂಡಿದ್ದರು. ಕೃಷ್ಣೇಗೌಡರು ಕ್ಷೇಮವಾಗಿದ್ದರು. ಅವರ ಕೆಳಗೆ, ಸ್ಪಷ್ಟವಾದ ಅಕ್ಷರಗಳಲ್ಲಿ: “ದಿವಂಗತ ಪುಟ್ಟಮ್ಮ, ಸಂದರ್ಶನ, ದಂಡಿಗನಹಳ್ಳಿ.” ಒಳಗೆ ಹುಡುಕಿದರೆ ಲೇಖನದಲ್ಲೂ ಕಂಸದೊಳಗೆ “ದಿವಂಗತ ಪುಟ್ಟಮ್ಮ” ಎಂದಾಗಿತ್ತು. ನಾನು ದಿನಾಂಕಕ್ಕೆಂದು ಬಿಟ್ಟಿದ್ದ ‘ದಿ.’ ನೋಡಿ, ಚುಕ್ಕಿಗಳನ್ನು ಕಸವೆಂದು ತೆಗೆದು, ಅಕ್ಷರ ಜೋಡಿಸುವವರು ಅದನ್ನು ಹೆಸರಿನ ಮುಂದೆ ತಂದು ಬಿಡಿಸಿ ಬರೆದು, ಒಳಗೂ ಹಾಗೇ ಹೊಂದಿಸಿದ್ದರು. ಇನಿಷಿಯಲ್ ಬಿಡಿಸಿ ಬರೆದರೆ ಗೌರವ ಹೆಚ್ಚುತ್ತದೆ ಎಂದು ನಂಬಿದವನು ನಾನೊಬ್ಬನೇ ಅಲ್ಲ ಎಂದಾಯಿತು. ಅವರೆಕಾಯಿ ಕೊಟ್ಟು ಕಳಿಸಿದ ಗಟ್ಟಿ ಹೆಂಗಸನ್ನು ಒಂದೇ ಅಕ್ಷರದಲ್ಲಿ, ಒಂದೇ ಚುಕ್ಕಿಯಲ್ಲಿ ಮುಗಿಸಿಬಿಟ್ಟಿದ್ದೆ. ನಾನೂ ಶೋಭಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕು ಬಹಳ ದಿನವಾಗಿತ್ತು. ಕೆಂಪು ಪೆನ್ನು ತೆಗೆದು ಕೂತ ಕಡೆಯೇ ಎರಡೂ ಜಾಗದಲ್ಲಿ ಪುಟ್ಟಮ್ಮನವರನ್ನು ಬದುಕಿಸಿದೆ.

“ಸರ್, ಇನ್ನೊಂದಿದೆ” ಎಂದರು ಶೋಭಾ. ಮೊದಲ ಪುಟ ತಿರುಗಿಸಿ ನನ್ನ ಮುಂದಿಟ್ಟು, ಕಾಫಿ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದರು. ಪುಟದ ಅಡಿಯಲ್ಲಿ ನಾನೇ ಬರೆದು ಕೊಟ್ಟಿದ್ದ ಪರಿಚಯ: “ವಿಮಲ ಕೆ. ಎಸ್. ಇವರು ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಬೋಧಿಸುತ್ತಾರೆ. ಹೊಳೆನರಸೀಪುರದಲ್ಲಿ ವಾಸವಾಗಿದ್ದಾರೆ.”

ಅದನ್ನು ಬೇಕೆಂದು ಬರೆದಿರಲಿಲ್ಲ. ಕೈ ಬರೆದಿತ್ತು. ಸಂಪಾದಕರು ನೋಡಿಯೂ ಮುಟ್ಟಿರಲಿಲ್ಲ ಎಂದು ಕಾಣುತ್ತದೆ. ಪುಟ್ಟಮ್ಮನವರನ್ನು ಬದುಕಿಸಲು ನನಗೆ ಎರಡು ನಿಮಿಷ ಹಿಡಿದಿತ್ತು. ಈ ಎರಡು ಸಾಲನ್ನು ತಿದ್ದಲು ನಾಲ್ಕು ದಿನ ಹಿಡಿಯಿತು. ‘ಬೋಧಿಸುತ್ತಾರೆ’ ಎಂಬುದನ್ನು ‘ಬೋಧಿಸುತ್ತಿದ್ದರು’ ಮಾಡಿದೆ. ಬರೀ ವ್ಯಾಕರಣ ಎಂದುಕೊಂಡು. ಎರಡನೆಯ ಸಾಲನ್ನು ಹೊಡೆದುಹಾಕಿದೆ. ಹೆಸರಿನ ಮುಂದೆ ಪೂರ್ತಿ ಪದ ಬರೆಯಲು ಕೈ ಬರಲಿಲ್ಲ. ಸಣ್ಣದಾಗಿ ‘ದಿ.’ ಎಂದು ಹಾಕಿ, ಯಾರಾದರೂ ಬಿಡಿಸಿಕೊಳ್ಳಲಿ ಎಂದು ಕಳಿಸಿಬಿಟ್ಟೆ.

ನಿನ್ನೆ ಬೆಳಗ್ಗೆ ಹಾಸನದಿಂದ ಮಂಜಣ್ಣ ಎಂಬವರ ಫೋನು. ಪತ್ರಿಕೆಯ ಅಕ್ಷರ ಜೋಡಿಸುವವರು ಅವರೇ. “ಸಾ, ನೀವು ಕಳ್ಸಿದ್ ಕರಡ್ನಾಗೆ ಮೇಡಮ್ಮಾರ್ ಎಸ್ರ್ ಮುಂದೆ ‘ದಿ.’ ಅಂತ ಐತೆ. ಇದು ಡೇಟಾ, ಇಲ್ಲಾ ಇನ್ನೊಂದಾ? ತಪ್ ತಿಳ್ಕಬ್ಯಾಡಿ ಸಾ. ಓದ್ ಸಲ ನಾನೇ ಬಿಡಿಸ್ ಬರೆದು ಎಡಿಟರ್ ಸಾರ್ ಕೈಲಿ ಬೈಸ್ಕಂಡಿವ್ನಿ. ‘ಇನ್ ಮ್ಯಾಲೆ ದಿ. ಕಂಡ್ರೆ ಬರ್ದೋರ್ನೇ ಕೇಳು’ ಅಂದವ್ರೆ.”

ಕಷ್ಟಪಟ್ಟು ತಪ್ಪಿಸಿಕೊಂಡದ್ದು ಮನೆ ಬಾಗಿಲಿಗೇ ಬಂದು ನಿಂತಿತ್ತು. “ಇನ್ನೊಂದು” ಎಂದೆ. “ಅಂಗಂದ್ರೆ ಸಾ? ಪೂರ್ತಿ ಏಳ್ಬುಡಿ, ಟೈಪ್ ಮಾಡ್ಕತೀನಿ.” ಹೇಳಿದೆ. ಫೋನಿನಲ್ಲಿ ಸರಿಯಾಗಿ ಕೇಳಲಿಲ್ಲವೆಂದರು. ಇನ್ನೊಮ್ಮೆ, ಅಕ್ಷರ ಅಕ್ಷರವಾಗಿ, ದಕಾರಕ್ಕೆ ಗುಡಿಸು, ವ, ಮುಂದೆ ಸೊನ್ನೆ, ಗ, ತ ಎಂದು ಹೇಳಿದೆ. ಮಂಜಣ್ಣ ಟೈಪ್ ಮಾಡಿ, ಇಡೀ ಸಾಲನ್ನು ಗಟ್ಟಿಯಾಗಿ ಓದಿದರು. “ಸರೀಗೈತಾ ಸಾ? ಪ್ರಿಂಟಿಗೆ ಬುಡ್ಲಾ?”

ಕಾಗುಣಿತ ಸರಿಯಿತ್ತು. ಅಲ್ಪವಿರಾಮವೂ ಸರಿಯಿತ್ತು. “ಅನುಮೋದಿಸಿದೆ” ಎಂದುಬಿಟ್ಟೆ. ಮೂವತ್ತನಾಲ್ಕು ವರ್ಷ ಕಡತಗಳ ಕೆಳಗೆ ‘ಅನುಮೋದನೆಗಾಗಿ ಸಲ್ಲಿಸಿದೆ’ ಎಂದು ಬರೆದವನು ನಾನು. ಅನುಮೋದಿಸುವ ಅಧಿಕಾರ ಪ್ರಥಮ ದರ್ಜೆ ಸಹಾಯಕನಿಗೆ ಯಾವ ಕಚೇರಿಯಲ್ಲೂ ಇರುವುದಿಲ್ಲ. ಅದಕ್ಕೆ ಮೇಲಿನವರು ಬೇಕು. ಮಂಜಣ್ಣನಿಗೆ ಈ ನಿಯಮ ಗೊತ್ತಿರಲಿಲ್ಲ. “ಆಗ್ಲಿ ಸಾ” ಎಂದು ಫೋನ್ ಇಟ್ಟರು.